ಹಡಗು ಹತ್ತಿದ ಜೋಳದ ರೊಟ್ಟಿ

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಬೆಟಗೇರಿಯ ಅಮೃತವ್ವನಿಗೆ ಎರಡನೆಯದು ಕೂಡಿಬರಲಿಲ್ಲ. ಹುಟ್ಟೂರು ಹಿರೇವಡ್ಡಟ್ಟಿಯ ಶಾಲೆಯಲ್ಲಿ ಮೂರನೆಯ ಇಯತ್ತೆಗೇ ಅವಳ ಓದು ಮುಗಿಯಿತು. ಮೊದಲನೆಯದನ್ನು ಮಾತ್ರ ಅವಳು ಎಷ್ಟು ಮಾಡಿದ್ದಾಳೆಂದರೆ, ಕೋಶ ಓದಿದ ಮಾಸ್ತರರು, ಬ್ಯಾಂಕಿನವರು ಎಲ್ಲ ಈಗ ಚೀಲ ಹಿಡಿದುಕೊಂಡು ಅವಳ ಬಸ್ಸಿನ ಬಾಗಿಲಲ್ಲಿ ನಿಂತು, "ಅಕ್ಕಾರ, ಕಿಡಕಿ ಬಾಜೂಕಿನ ಸೀಟ ಕೊಡ್ರಿ" ಎಂದು ಕೇಳುತ್ತಾರೆ. ಐವತ್ತೆಂಟರ ಹೆಂಗಸು, ಗಿಡ್ಡ ಆಳು, ಕೈತುಂಬ ಹಸಿರು ಬಳೆ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಮೈಕು. ಗದಗ ಜಿಲ್ಲೆಯಲ್ಲಿ ಟೂರು ನಡೆಸುವವರು ಬೇಕಾದಷ್ಟು ಮಂದಿ ಇದ್ದಾರೆ. ಅಮೃತವ್ವ ಒಬ್ಬಳೇ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಬೇರೆ ಯಾರದೋ ಯಾತ್ರೆಯ ಬಸ್ಸಿಗೆ ರೊಟ್ಟಿ ಬಡಿಯಲು ಹೋದವಳು. ನಮ್ಮ ಕಡೆಯ ಯಾತ್ರೆಯ ಬಸ್ಸೆಂದರೆ ಹಾಗೆಯೇ: ಒಲೆ, ಹಂಚು, ಹಿಟ್ಟಿನ ಚೀಲ, ಶೇಂಗಾ ಚಟ್ನಿಯ ಡಬ್ಬಿ ಎಲ್ಲ ಬಸ್ಸಿನ ಹೊಟ್ಟೆಯಲ್ಲಿ ತುಂಬಿಕೊಂಡು ಹೊರಡುವುದು, ಬಸ್ಸು ನಿಂತಲ್ಲಿ ಅಡಿಗೆ ಹೂಡುವುದು. ದೇವರು ಬೇರೆ ಊರಿನವನಾದರೆ ನಮಗೆ ನಡೆಯುತ್ತದೆ, ಊಟ ಬೇರೆ ಊರಿನದಾದರೆ ನಡೆಯುವುದಿಲ್ಲ. ಕಾಶಿಯ ಗಂಗೆಯಲ್ಲಿ ಮುಳುಗಿ ಎದ್ದು, ತಲೆ ಒರೆಸಿಕೊಳ್ಳುವ ಮೊದಲೇ "ರೊಟ್ಟಿ ಆದುವೇನು?" ಎಂದು ಕೇಳುವ ಜನ ನಾವು.

ಆ ಮೊದಲ ಯಾತ್ರೆಯಲ್ಲಿ ಅಮೃತವ್ವ ಒಂದು ಸಂಗತಿ ಕಂಡಳು. ಬಸ್ಸು ನಿಂತ ಕೂಡಲೇ ಗಂಡಸರು ಇಳಿದು ಊರು ನೋಡಲು ಹೋಗುತ್ತಿದ್ದರು. ರೊಕ್ಕ ಕೊಟ್ಟೇ ಬಂದಿದ್ದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಅವಳ ಜೊತೆ ಒಲೆಯ ಮುಂದೆ ಕೂರುತ್ತಿದ್ದರು. ಯಾರೂ ಕೂರು ಎಂದಿರಲಿಲ್ಲ, ರೂಢಿ ಕೂರಿಸುತ್ತಿತ್ತು. ಶಿರಹಟ್ಟಿಯ ಒಬ್ಬ ಮುದುಕಿ ರಾಮೇಶ್ವರದ ತನಕ ಹೋಗಿ ಬಂದಳು. ಊರಿಗೆ ಮರಳಿದಾಗ ಮೊಮ್ಮಗಳು "ಏನೇನ ನೋಡಿದಿ ಆಯೀ?" ಎಂದು ಕೇಳಿದರೆ, "ಒಲಿ ನೋಡಿದೆ" ಎಂದಳು. ಅಮೃತವ್ವನಿಗೆ ಆ ಮಾತು ಮುಳ್ಳಿನ ಹಾಗೆ ನಟ್ಟಿತು.

ನಾಲ್ಕು ವರ್ಷದ ಮೇಲೆ ಅವಳು ತನ್ನದೇ ಬಸ್ಸು ಹೊರಡಿಸಿದಳು. ಗಂಡ ಕಳಕಪ್ಪ ಬೆಟಗೇರಿಯ ನೇಕಾರ, ಮಗ್ಗದ ಗುಂಡಿ ಬಿಟ್ಟು ಎದ್ದವನಲ್ಲ. "ನೀ ಹೋಗು. ಮಗ್ಗಾನೂ ನಾ ನೋಡ್ತೀನಿ, ಮನೀನೂ ನಾ ನೋಡ್ತೀನಿ" ಎಂದ. ಹೊರಡುವ ದಿನ ಅವಳು ಮೈಕು ಹಿಡಿದು ಎರಡು ಮಾತು ಕೊಟ್ಟಳು. ಒಂದು, ಮನೆಯ ಹೊಸ್ತಿಲು ಬಿಟ್ಟಾಗಿನಿಂದ ಮರಳಿ ತುಳಿಯುವ ತನಕ ಎರಡೂ ಹೊತ್ತು ಜೋಳದ ರೊಟ್ಟಿ. ಇನ್ನೊಂದು, "ನನ್ನ ಬಸ್ ಹತ್ತಿದ ಹೆಣಮಕ್ಕಳು ಹಿಟ್ಟ ಮುಟ್ಟಂಗಿಲ್ಲ, ಒಲಿ ಮುಂದ ಕುಂಡ್ರಂಗಿಲ್ಲ. ಊರ ನೋಡಾಕ ಬಂದೀರಿ, ಊರ ನೋಡ್ರಿ." ಪಲ್ಯ, ಸಾರು ಶಿರಹಟ್ಟಿಯ ಡ್ರೈವರ್ ಫಕ್ಕೀರಪ್ಪನ ಪಾಲಿಗೆ, ರೊಟ್ಟಿ ಅವಳ ಪಾಲಿಗೆ. ಹದಿನೆಂಟು ವರ್ಷ ಈ ಎರಡು ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಅವಳ ಜಂಬ. ಜಂಬ ಪಡಬೇಕಾದ್ದೇ ಎಂದು ನಾನೂ ಹೇಳುತ್ತೇನೆ.

ಹಡಗಿನ ವಿಚಾರ ತೆಗೆದವಳು ಗದಗಿನ ನೀಲಗಂಗವ್ವ. ಶೇಂಗಾ ವ್ಯಾಪಾರಿ ಮುದಕಪ್ಪ ಸಾವಕಾರರ ಹೆಂಡತಿ, ಅರವತ್ತಾರರ ಮೆತ್ತನೆ ಮಾತಿನ ಹೆಂಗಸು. ಎರಡು ವರ್ಷದ ಹಿಂದೆ ಗೋಕರ್ಣದ ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿ, "ಅಮೃತವ್ವ, ನಾವು ದಂಡ್ಯಾಗ ನಿಂತು ಕಾಲ ತೊಯಿಸ್ಕೊಂಡು ಹೊಳ್ಳಿ ಹೋಗೋದ ಆತಲ್ಲ. ಈ ನೀರಿನ ಮ್ಯಾಲ ಹೋಗಾಕ ಬರಂಗಿಲ್ಲೇನು?" ಎಂದು ಕೇಳಿದಳು. ಅಮೃತವ್ವ "ನೋಡೂಣಂತ" ಎಂದಳು. ಅವಳು ನೋಡೂಣಂತ ಎಂದರೆ ನೋಡಿಯೇ ತೀರುತ್ತಾಳೆ.

ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದಿದ ಅಮೃತವ್ವನ ಸೊಸೆ ಸ್ನೇಹಾ ಎರಡು ವರ್ಷ ಕಾಗದ, ಫೋನು, ಅರ್ಜಿ ಎಂದು ಹೆಣಗಿದಳು. ಕೊನೆಗೆ ಹೊಂದಿಕೆಯಾಯಿತು: ಗೋಕರ್ಣದಿಂದ ಹಿಡಿದು ಕೊಚ್ಚಿಯವರೆಗೆ ಕರಾವಳಿಯುದ್ದ ಐದು ದಿನ ಬಸ್ಸು, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರಲು ಐದು ದಿನ ಹಡಗು. ಹುಬ್ಬಳ್ಳಿಯ ಟೂರಿನವನೊಬ್ಬ ಖಬರು ಕೇಳಿ, "ಅಕ್ಕಾರ, ಸಮುದ್ರ ಅಂದ್ರ ಡಂಬಳದ ಕೆರಿ ಅಲ್ರಿ" ಎಂದು ನಕ್ಕ. ಅಮೃತವ್ವ, "ಅಲ್ಲ ಅಂತನ ಹೊಂಟೀನಿ. ಡಂಬಳದ ಕೆರಿ ನಾ ನೋಡೀನಿ" ಎಂದಳು.

ಹಡಗಿನಲ್ಲಿ ಪ್ರವಾಸಿಗಳು ಒಲೆ ಹೊತ್ತಿಸುವಂತಿಲ್ಲ ಎಂದು ಸ್ನೇಹಾ ಮೊದಲೇ ತಿಳಿದುಕೊಂಡಿದ್ದಳು. ಹಡಗಿನವರು ಅನ್ನ, ಪಲ್ಯ, ಬೇಳೆ ಕೊಡುತ್ತಾರೆ. ರೊಟ್ಟಿ ನಾವೇ ಒಯ್ಯಬೇಕು. ಅದೇನು ದೊಡ್ಡ ಮಾತು? ನಮ್ಮ ಒಣಗಿಸಿದ ಕಟಕ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಹಿಂಗಾರಿಯ ಬಿಳಿಜೋಳ ಮನೆ ಸೇರಿದ ಮೇಲೆ, ಏಪ್ರಿಲ್ ಹೊತ್ತಿಗೆ, ಅಮೃತವ್ವ ಎಂಟು ದಿನ ಕೂತು ತಾನೇ ಆರುನೂರೈವತ್ತು ರೊಟ್ಟಿ ಬಡಿದಳು. ಬಿಸಿಲಿಗೆ ಒಣಗಿಸಿ, ನಾಲ್ಕು ಬಿದಿರು ಬುಟ್ಟಿಯಲ್ಲಿ ತೆಳ್ಳನೆ ಬಿಳಿ ಅರಿವೆ ಹಾಸಿ, ಗಾಳಿ ಆಡಬೇಕೆಂದು ಸಡಿಲವಾಗಿ ಮುಚ್ಚಿ ಕಟ್ಟಿದಳು. ಅವಳ ಅವ್ವನೂ ಹಾಗೆಯೇ ಇಡುತ್ತಿದ್ದಳು. ಮುಂಡರಗಿ ಸೀಮೆಯಲ್ಲಿ ರೊಟ್ಟಿ ಇಡುವ ರೀತಿಯೇ ಅದು.

ಮೂವತ್ತನಾಲ್ಕು ಮಂದಿ ಹೊರಟರು, ಹತ್ತೊಂಬತ್ತು ಹೆಂಗಸರು, ಹದಿನೈದು ಗಂಡಸರು. ಹೊಂಬಳದವರು, ಲಕ್ಷ್ಮೇಶ್ವರದವರು, ಹಿರೇವಡ್ಡಟ್ಟಿಯವರು, ಗದಗಿನ ಪೇಟೆಯವರು. ಮುದಕಪ್ಪ ಸಾವಕಾರರು ಮನಸ್ಸಿಲ್ಲದ ಮನಸ್ಸಿನಿಂದ ಬಂದಿದ್ದರು. ಅವರಿಗೆ ಸಕ್ಕರೆ ಬ್ಯಾನೆ, ಅನ್ನ ಮುಟ್ಟುವಂತಿಲ್ಲ. "ರೊಟ್ಟಿ ಗ್ಯಾರಂಟಿ ಅಂದ್ರ ಅಷ್ಟ ಬರ್ತೀನಿ" ಎಂದು ಮೂರು ಸಲ ಕೇಳಿಯೇ ಹೆಸರು ಬರೆಸಿದ್ದರು.

ಕರಾವಳಿಯ ಐದು ದಿನ ಅಮೃತವ್ವನ ಮೈಕಿಗೆ ಬಿಡುವೇ ಇರಲಿಲ್ಲ. ಘಟ್ಟ ಇಳಿಯುವಾಗ, "ಕಿವಿ ಮುಚ್ಚಿದಂಗ ಆಗತೈತಿ, ಅಂಜಬ್ಯಾಡ್ರಿ, ಉಗುಳು ನುಂಗ್ರಿ" ಎಂದಳು. ಗೋಕರ್ಣದಲ್ಲಿ ನೀರು ಏರುವುದು ಇಳಿಯುವುದನ್ನು ಹೊಂಬಳದವರಿಗೆ ತಿಳಿಯುವಂತೆ ಹೇಳಿದಳು: "ದಿನಕ್ಕ ಎರಡ ಸಲ ಬರತೈತಿ, ಎರಡ ಸಲ ಹೋಗತೈತಿ. ನಮ್ಮೂರ ಬಸ್ಸಿಗಿಂತ ಟೈಮ್ ಸರಿ." ಮುರ್ಡೇಶ್ವರ, ಉಡುಪಿ, ಮಲ್ಪೆಯ ಮೀನಿನ ಬಂದರು, ಕಣ್ಣೂರಿನ ಕೋಟೆ, ಎಲ್ಲೆಲ್ಲೂ ಅವಳು ಮುಂದೆ, ಮಂದಿ ಹಿಂದೆ. ಊಟದ ಹೊತ್ತಿಗೆ ಬಿಸಿ ರೊಟ್ಟಿ ಅವಳೇ ಬಡಿಯುತ್ತಿದ್ದುದರಿಂದ ಬುಟ್ಟಿಗಳನ್ನು ಯಾರೂ ಬಿಚ್ಚಲಿಲ್ಲ.

ಹಡಗು ಹತ್ತುವ ಹಿಂದಿನ ದಿನ, ಕೊಚ್ಚಿಯ ಲಾಜಿನ ಅಂಗಳದಲ್ಲಿ, ಬೆಳಗಿನ ಚಹಾ ಆದ ಮೇಲೆ ಫಕ್ಕೀರಪ್ಪ ಬುಟ್ಟಿ ಇಳಿಸಿದ. ಅಮೃತವ್ವ ಗಂಟು ಬಿಚ್ಚಿ ರೊಟ್ಟಿ ಎತ್ತಿದಳು. ಕಟಕ್ ಎಂದು ಮುರಿಯಬೇಕಾದ ರೊಟ್ಟಿ ತೊಯ್ದ ಅರಿವೆಯ ಹಾಗೆ ಕೈಯಲ್ಲಿ ಜೋತುಬಿತ್ತು. ಅದರ ಕೆಳಗಿನದಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಎರಡನೆಯ ಬುಟ್ಟಿಯೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದರಲ್ಲಿ ಮಾತ್ರ ಬೂಷ್ಟು ಇರಲಿಲ್ಲ. ನೂರೈವತ್ತು ರೊಟ್ಟಿ ಮೆತ್ತಗಾಗಿದ್ದವು ಅಷ್ಟೇ, ಹಂಚಿನ ಮೇಲೆ ಮತ್ತೆ ಕಾಯಿಸಿದರೆ ನಡೆಯುತ್ತಿತ್ತು.

ಆಗ ಅವಳಿಗೆ ಹೊಳೆಯಿತು. ಗಾಳಿ ಆಡಲಿ ಎಂದು ಅರಿವೆಯಲ್ಲಿ ಕಟ್ಟಿದ್ದಳು. ನಮ್ಮ ಸೀಮೆಯ ಗಾಳಿ ರೊಟ್ಟಿಯನ್ನು ಒಣಗಿಸುತ್ತದೆ. ಕಡಲಿನ ಗಾಳಿ ತೋಯಿಸುತ್ತದೆ. ನೂರು ಸಲ ಕರಾವಳಿಗೆ ಬಂದಿದ್ದಳು, ಆದರೆ ಪ್ರತಿ ಸಲವೂ ಬಿಸಿ ರೊಟ್ಟಿ ಮಾಡಿ ಬಡಿಸಿ ಹೋಗಿದ್ದಳೇ ಹೊರತು ಇಲ್ಲಿ ರೊಟ್ಟಿ ಇಟ್ಟು ನೋಡಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಬುಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸ್ನೇಹಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅತ್ತಿ, ಇದನ್ನ ಯಾರೂ ನೋಡಿಲ್ಲ. ಹಡಗಿನವ್ರು ಹೊರಗಿನ ಊಟ ಒಳಗ ಬಿಡಂಗಿಲ್ಲ ಅಂತ ಹೇಳೂಣು. ಎಲ್ಲಾರೂ ನಂಬ್ತಾರ."

ನಂಬುತ್ತಿದ್ದರು. ಅದೇ ಕಷ್ಟ. ಅಮೃತವ್ವ ನೆಲದಿಂದ ಎದ್ದಳು. "ನಂಬ್ತಾರ ಅಂತ ಗೊತ್ತಿದ್ದವರ ಮುಂದ ಸುಳ್ಳ ಹೇಳಬಾರ್ದು, ಸ್ನೇಹಾ. ಎಲ್ಲಾರನೂ ಕರಿ" ಎಂದಳು.

ಮೂವತ್ತನಾಲ್ಕು ಮಂದಿ ಅಂಗಳಕ್ಕೆ ಬಂದರು. ಅಮೃತವ್ವ ಮೈಕು ತೆಗೆದಿಟ್ಟು ಬರಿ ಬಾಯಿಯಲ್ಲಿ ಮಾತಾಡಿದಳು. "ರೊಟ್ಟಿ ಕೆಟ್ಟಾವ. ನನ್ನ ತಪ್ಪು. ಇಲ್ಲೀ ಗಾಳಿ ತಿಳೀದ ನಮ್ಮೂರಂಗ ಅರಬ್ಯಾಗ ಕಟ್ಟಿದೆ. ಯಾರಿಗರ ಹೊಳ್ಳಿ ಹೋಗೂದಿದ್ರ ಇವತ್ತ ರೈಲಿಗೆ ಹತ್ತಸ್ತೀನಿ, ಖರ್ಚ ನಂದು."

"ನಾ ಅನ್ನ ಉಂಡ್ರ ಊರ ಮುಟ್ಟಂಗಿಲ್ಲವಾ" ಎಂದರು ಮುದಕಪ್ಪ ಸಾವಕಾರರು. ಧ್ವನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಅಂಜಿಕೆಯೂ ಇತ್ತು. "ಮೂರ ಸಲ ಕೇಳಿದ್ದೆ ನಿನ್ನ."

"ಕೇಳಿದ್ರಿ ಸಾವಕಾರ್ರ. ಹೂಂ ಅಂದಿದ್ದೆ." ಅವಳ ತಲೆ ತಗ್ಗಿತು. ಹದಿನೆಂಟು ವರ್ಷದಲ್ಲಿ ಪ್ರವಾಸಿಗಳ ಮುಂದೆ ಅವಳು ತಲೆ ತಗ್ಗಿಸಿದ್ದು ಅದೇ ಮೊದಲು.

ಆಗ ಹೆಂಗಸರ ಗುಂಪಿನಿಂದ ಯಾರೋ "ಹಿಟ್ಟ ಐತೇನು?" ಎಂದರು. ಇತ್ತು. ಮರಳುವ ದಾರಿಗೆಂದು ನಲವತ್ತು ಕಿಲೋದ ಚೀಲ ಒಡೆಯದೆ ಇತ್ತು. ಅಷ್ಟು ಕೇಳಿದ್ದೇ ತಡ, ಹತ್ತೊಂಬತ್ತೂ ಹೆಂಗಸರು ಸೆರಗು ಸಿಕ್ಕಿಸಿಕೊಂಡರು. ಹತ್ತೊಂಬತ್ತು ಜನರ ಕೈ ಸೇರಿದರೆ ಐನೂರು ರೊಟ್ಟಿ ಎಷ್ಟರ ಮಾತು, ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು.

ಅಮೃತವ್ವ ಚೀಲಕ್ಕೆ ಅಡ್ಡ ನಿಂತಳು. "ಬ್ಯಾಡ್ರಿ. ಒಂದ ಮಾತ ಮುರದೈತಿ, ಇನ್ನೊಂದ ಮುರೀಬ್ಯಾಡ್ರಿ. ಸ್ನೇಹಾ ನಿಮಗ ಊರ ತೋರಸ್ತಾಳ, ಹೋಗ್ರಿ. ನಾ ಬಡೀತೀನಿ." ಎಂದವಳೇ ಎಸರಿಗೆ ನೀರಿಟ್ಟು ಹಿಟ್ಟು ನಾದುವ ಪರಾತದ ಮುಂದೆ ಕೂತಳು. ನಾಳೆ ಮಧ್ಯಾಹ್ನ ಹಡಗು. ಒಬ್ಬಳ ಕೈಯಲ್ಲಿ ಐನೂರು ರೊಟ್ಟಿ ಆಗುವ ಮಾತಲ್ಲ. ಅದು ಅವಳಿಗೂ ಗೊತ್ತಿತ್ತು, ನಿಂತವರಿಗೂ ಗೊತ್ತಿತ್ತು.

ನೀಲಗಂಗವ್ವ ಮುಂದೆ ಬಂದು ಅವಳ ಕೈ ಹಿಡಿದಳು. "ನಿನ್ನ ಬಸ್ ಹತ್ತಿದ ಹೆಣಮಕ್ಕಳು ಹಿಟ್ಟ ಮುಟ್ಟಂಗಿಲ್ಲ ಅಂದಿ. ನೀ ಹೆಣಮಗಳ ಅಲ್ಲೇನು?"

"ಅಯ್ಯ, ನಂದ ಬ್ಯಾರೆರಿ ಅಕ್ಕಾರ. ಇದು ನನ್ನ ಕೆಲಸ."

"ನಾ ಅಡಗಿ ಮನ್ಯಾಗ ನಲವತ್ತೆಂಟ ವರ್ಷ ಅದನ್ನ ಅಂದೀನಿ. ಏಳ ಮ್ಯಾಲ."

"ಹಂಗಾರ ಯಾರ ಬಡೀಬೇಕ್ರಿ?"

ನೀಲಗಂಗವ್ವ ನಿಧಾನವಾಗಿ ತಿರುಗಿ ತನ್ನ ಗಂಡನನ್ನು ನೋಡಿದಳು. ಮುದಕಪ್ಪ ಸಾವಕಾರರೆಂದರೆ ಮನೆಯಲ್ಲಿ ಎದುರಿಗಿದ್ದ ತಂಬಿಗೆಯ ನೀರನ್ನೂ ಹೆಂಡತಿ ಎತ್ತಿ ಕೊಡಬೇಕು ಎನ್ನುವ ಗಿರಾಕಿ. ಆಕೆ ಅವರನ್ನು ಹಾಗೆ ನೋಡಿದ್ದನ್ನು ಯಾರೂ ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಗಂಡಸರ ಕಡೆ ತಿರುಗಿದರು.

ಮೊದಲು ಕೂತವನು ಫಕ್ಕೀರಪ್ಪ. "ನಂಗ ಹೊಟ್ಟಿ ತುಂಬೂವಷ್ಟು ಬರತೈತ್ರಿ, ಚಂದ ಬರಂಗಿಲ್ಲ" ಎಂದ. ಆಮೇಲೆ ಲಕ್ಷ್ಮೇಶ್ವರದ ನಿವೃತ್ತ ಮಾಸ್ತರರು ಶರ್ಟಿನ ತೋಳು ಮಡಚಿದರು. ಮುದಕಪ್ಪ ಸಾವಕಾರರು ಸುತ್ತ ನೋಡಿದರು, ಕೆಮ್ಮಿದರು, ಧೋತರ ಎತ್ತಿ ಕಟ್ಟಿ, "ಸಕ್ರಿ ಬ್ಯಾನಿ ನಂದಲ್ಲೇನು, ರೊಟ್ಟೀನೂ ನಾನ ಬಡಕೊಂಡ್ರಾತು" ಎನ್ನುತ್ತ ಕೂತರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಹೆಂಗಸರು ಕುರ್ಚಿ ಹಾಕಿಸಿಕೊಂಡು ಸಾಲಾಗಿ ಕೂತರು. ಊರು ನೋಡಲು ಒಬ್ಬರೂ ಹೋಗಲಿಲ್ಲ. ಕೊಚ್ಚಿಯಲ್ಲಿ ಇದಕ್ಕಿಂತ ನೋಡುವಂಥದ್ದು ಏನಿತ್ತು? ಹಿಟ್ಟು ಬೀಸಿ ದಿನವಾದ್ದರಿಂದ ಜಿಗಿ ಕಡಿಮೆಯಾಗಿತ್ತು. ಎಸರು ಹಾಕಿ ಗಟ್ಟಿ ನಾದಬೇಕು ಎಂದು ಅಮೃತವ್ವ ಹೇಳಿಕೊಟ್ಟಳು. ಸಾವಕಾರರ ಮೊದಲ ರೊಟ್ಟಿ ಹಲಗೆಯಲ್ಲೇ ಮೂರು ತುಂಡಾಯಿತು. ಅವರು ಹಿಟ್ಟಿಗೆ ಬೈದರು. "ರೊಟ್ಟಿ ಬಡೀರಿ, ಬೈಬ್ಯಾಡ್ರಿ" ಎಂದಳು ನೀಲಗಂಗವ್ವ. ಮಾಸ್ತರರ ರೊಟ್ಟಿಯಲ್ಲಿ ಕರ್ನಾಟಕದ ನಕಾಶೆ ಮೂಡಿತು. ಗದಗ ಇರಬೇಕಾದ ಜಾಗದಲ್ಲಿ ತೂತು ಬಿದ್ದಿತ್ತು. ಹೊಂಬಳದ ಒಬ್ಬ ರೈತನ ಕೈ ಮಾತ್ರ ಎಷ್ಟು ಚೆನ್ನಾಗಿ ಹರಿಯಿತೆಂದರೆ, ಅವನ ಹೆಂಡತಿ, "ಅಂದ್ರ ಇಷ್ಟ ದಿನ ಬರತಿತ್ತು ನಿಮಗ!" ಎಂದು ಎದ್ದೇ ನಿಂತಳು. ಅವನು ಅವ್ವನ ಬಾಣಂತನದಲ್ಲಿ ಆಕೆಗೆ ಮಾಡಿಕೊಟ್ಟು ಕಲಿತದ್ದಂತೆ, ಮದುವೆಯಾದ ಮೇಲೆ ಮುಚ್ಚಿಟ್ಟಿದ್ದನಂತೆ.

ಅಮೃತವ್ವನ ಕೈ ತಡೆಯುತ್ತಿರಲಿಲ್ಲ. ಎರಡು ಸಲ ಪರಾತಕ್ಕೆ ಕೈ ಹಾಕಿದಳು, ಎರಡು ಸಲವೂ ನೀಲಗಂಗವ್ವ ಎಳೆದು ಕುರ್ಚಿಯಲ್ಲಿ ಕೂರಿಸಿದಳು. ಲಾಜಿನ ಒಡತಿ ಈ ಸಂಭ್ರಮ ನೋಡಲು ಬಂದವಳು ಕೆಟ್ಟ ಬುಟ್ಟಿಗಳನ್ನು ಕಂಡು ಒಳಗೆ ಹೋದಳು. ಬಾಳೆಕಾಯಿ ಚಿಪ್ಸು ತುಂಬಿಡುವ ಬಿಗಿ ಮುಚ್ಚಳದ ತಗಡಿನ ಡಬ್ಬಿ ಎಂಟು ತಂದಿಟ್ಟು, ಮುಚ್ಚಳ ಒತ್ತಿ ತೋರಿಸಿದಳು. ಭಾಷೆ ಬೇಕಾಗಲಿಲ್ಲ. ಒಲೆಯ ಸುತ್ತ ನಿಲ್ಲಿಸಿ ಗರಿಗರಿಯಾಗಿಸಿ, ಆರಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿದರು. ಸಂಜೆ ಹೊತ್ತಿಗೆ ಐನೂರಾ ಹನ್ನೆರಡಾದವು. ಹದಿನೈದು ಮಂದಿ ಗಂಡಸರು ಸೊಂಟ ಹಿಡಿದುಕೊಂಡು ಎದ್ದರು.

ಮರುದಿನ ಫಕ್ಕೀರಪ್ಪನನ್ನು ಬಸ್ಸಿನ ಕಾವಲಿಗೆ ಬಿಟ್ಟು ಉಳಿದವರು ಹಡಗು ಹತ್ತಿದರು. ಡಬ್ಬಿಗಳನ್ನು ಹೊತ್ತವರು ಗಂಡಸರೇ. ಕೂಲಿಯವರ ಕೈಗೆ ಕೊಡಲು ಒಬ್ಬರೂ ಒಪ್ಪಲಿಲ್ಲ. ದಂಡೆ ಕಣ್ಮರೆಯಾಗಿ ನಾಲ್ಕೂ ದಿಕ್ಕಿಗೆ ನೀರೇ ಆದಾಗ ಅಮೃತವ್ವ ಮೈಕು ಹಿಡಿದಳು, ಹಾಗೇ ಕೆಳಗಿಟ್ಟಳು. ಮೂರನೆಯ ದಿನ ಕಲ್ಪೇನಿ ದ್ವೀಪ. ಹಡಗು ದೂರದಲ್ಲೇ ನಿಂತಿತು, ಚಿಕ್ಕ ಬೋಟು ಬಂದು ಅದಕ್ಕೆ ಒತ್ತಿ ನಿಂತಿತು. ನೀಲಗಂಗವ್ವ ಅಮೃತವ್ವನ ಭುಜ ಹಿಡಿದು ಬೋಟಿಗೆ ಕಾಲಿಟ್ಟಳು. ಕೆಳಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಮರಳಿನ ಮೇಲೆ ಬೋಟಿನ ನೆರಳು ಕಾಣುತ್ತಿತ್ತು. "ಮ್ಯಾಲ ಬಂದೆ ನೋಡವಾ, ನೀರಿನ ಮ್ಯಾಲ" ಎಂದು ಆಕೆ ಅಂದಾಗ ಅಮೃತವ್ವನ ಎದೆ ಉಬ್ಬಿತು. ಹಿರೇವಡ್ಡಟ್ಟಿಯ ಮೂರನೆಯ ಇಯತ್ತೆಯ ಹುಡುಗಿ ಮೂವತ್ತನಾಲ್ಕು ಮಂದಿಯನ್ನು ಕಡಲ ನಡುವಿಗೆ ಕರೆತಂದಿದ್ದಳು. ಹೆಮ್ಮೆಯನ್ನು ಹೆಮ್ಮೆ ಎನ್ನದೆ ಬೇರೇನೆನ್ನಬೇಕು?

ಐದು ದಿನವೂ ಎರಡೂ ಹೊತ್ತು ಡಬ್ಬಿಯ ಮುಚ್ಚಳ ತೆರೆಯಿತು, ರೊಟ್ಟಿ ಕಟಕ್ ಎಂದು ಮುರಿಯಿತು. ಹಡಗಿನ ಅಡಿಗೆಯವರು ಕುತೂಹಲಕ್ಕೆ ಎರಡು ಕೇಳಿ ಪಡೆದು, ಶೇಂಗಾ ಚಟ್ನಿ ಹಚ್ಚಿ ತಿಂದು, ಇದು ಮಾಡಿದವರು ಯಾರು ಎಂದು ಸ್ನೇಹಾಳನ್ನು ಕೇಳಿದರು. ಅವಳು ಬೆರಳು ಮಾಡಿ ತೋರಿಸುವ ಮೊದಲೇ ಮುದಕಪ್ಪ ಸಾವಕಾರರು ಎದ್ದು ನಿಂತಿದ್ದರು.

ಮರಳುವ ಹಡಗಿನಲ್ಲಿ ಕೊನೆಯ ಊಟ. ಪಂಕ್ತಿಯಲ್ಲಿ ರೊಟ್ಟಿ ಹಾಕಿಕೊಂಡು ಬರುತ್ತಿದ್ದವರು ಸಾವಕಾರರೇ. ಎರಡನೆಯ ದಿನದಿಂದ ಆ ಕೆಲಸ ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಮೃತವ್ವ ರೂಢಿಯಂತೆ ಎಲ್ಲರೂ ಉಂಡ ಮೇಲೆ ನಿಂತೇ ಒಂದು ತುತ್ತು ಉಣ್ಣಲೆಂದು ಗೋಡೆಗೆ ಒರಗಿದ್ದಳು. ಈ ಐದೂ ದಿನ ಅವಳ ಪಾಲಿಗೆ ಬಂದದ್ದು ನಾಲ್ಕನೆಯ ಬುಟ್ಟಿಯ, ಮತ್ತೆ ಕಾಯಿಸಿ ತಂದ ಹಳೆ ರೊಟ್ಟಿ. ಹೊಸವು ಕೊಟ್ಟ ಮಾತಿಗೆ ಮೀಸಲೆಂದು ಅವಳು ಮುಟ್ಟಿರಲಿಲ್ಲ. ನೀಲಗಂಗವ್ವ ತನ್ನ ಪಕ್ಕದ ಕುರ್ಚಿ ತಟ್ಟಿದಳು. ಅಮೃತವ್ವ ಬಂದು ಕೂತಳು. ಅವಳ ಮುಂದೆ ತಾಟು ಬಂತು. ಸಾವಕಾರರು ಬಾಗಿ, ಡಬ್ಬಿಯಲ್ಲಿ ಹುಡುಕಿ, ತಮ್ಮ ಕೈಯ ರೊಟ್ಟಿಯನ್ನೇ ಗುರುತು ಹಿಡಿದು ತೆಗೆದು ಅದರಲ್ಲಿ ಹಾಕಿದರು.

ಅವಳು ಮುರಿದಳು, ಪಲ್ಯ ಹಚ್ಚಿದಳು, ಬಾಯಿಗಿಟ್ಟಳು. ಪಂಕ್ತಿಯೆಲ್ಲ ಅವಳ ಮುಖ ನೋಡುತ್ತ ಕೂತಿತ್ತು. ಮದುವೆಯಾಗಿ ಬಂದಾಗಿನಿಂದ ಕೂತಲ್ಲಿಗೆ ಇನ್ನೊಬ್ಬರು ರೊಟ್ಟಿ ಮಾಡಿ ತಂದು ಹಾಕಿ ಅವಳು ಉಂಡಿರಲಿಲ್ಲ. ಪೂರ್ತಿ ಅಗಿದು ನುಂಗಿದಳು.

"ಹೆಂಗಾಗೇತಿ?" ಎಂದರು ಸಾವಕಾರರು. ನಲವತ್ತೆಂಟು ವರ್ಷ ಆ ಮಾತನ್ನು ಅವರ ಹೆಂಡತಿ ಅವರನ್ನು ಕೇಳಿದ್ದಳು; ಈಗ ಅವರು ಕೇಳಿ ಕಾಯುತ್ತ ನಿಂತಿದ್ದರು.

"ದಪ್ಪ ಆಗೇತ್ರಿ ಸಾವಕಾರ್ರ" ಎಂದಳು ಅಮೃತವ್ವ. "ಇನ್ನೊಂದ ಹಾಕ್ರಿ."